ಹೊಗೆಕೊಳವೆಯ ಬಣ್ಣ

ಕೋಲಾರ ಜಿಲ್ಲೆಯ ಬಂಗಾರಪೇಟೆಯಲ್ಲಿ ಮುಖ್ಯ ರೈಲುಹಾದಿಯಿಂದ ಕವಲೊಡೆಯುವ ಹಾದಿಯೊಂದು ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು, ಸುಮಾರು 16 ಕಿಲೋಮೀಟರ್ ದೂರದ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಚಿನ್ನದ ಗಣಿಗಳಿಗಾಗಿ 1894ರಲ್ಲಿ ತೆರೆದ ಹಾದಿ ಇದು. ಶತಮಾನಕ್ಕೂ ಹೆಚ್ಚು ಕಾಲ ಈ ನೆಲಕ್ಕೆ ಅನ್ನ ನೀಡಿದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಅಂದಿನಿಂದ ಇಲ್ಲಿನ ಸಾವಿರಾರು ಮಂದಿ ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ಮನೆಗೂ ನಿಲ್ದಾಣಕ್ಕೂ ನಡುವಿನ ದಾರಿಯನ್ನು ಎಷ್ಟೋ ಮಂದಿ ಕ್ರಮಿಸುವುದು ಮೋಟಾರು ಸೈಕಲ್ಲಿನ ಮೇಲೆ. ಇಂಥವರಿಗೆ ಮೋಟಾರು ಸೈಕಲ್ಲು ಮೋಜಿನ ವಸ್ತುವಲ್ಲ. ಅದು ದಾರಿಯಲ್ಲಿ ಕೆಟ್ಟು ನಿಂತರೆ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ಅಂದಿನ ಕೂಲಿ ತಪ್ಪುತ್ತದೆ.

ಯಂತ್ರವು ಸಾಮಾನ್ಯವಾಗಿ ಮುನ್ಸೂಚನೆ ಕೊಡದೆ ಕೆಡುವುದಿಲ್ಲ. ಅದರ ಸದ್ದು, ವಾಸನೆ, ಹೊಗೆ, ಎಳೆತ, ಇವೆಲ್ಲವೂ ಒಳಗಿನ ಸ್ಥಿತಿಯನ್ನು ಹೊರಗೆ ತಿಳಿಸುವ ಸಾಧನಗಳು. ಇವುಗಳಿಗಿಂತ ಸುಲಭವಾಗಿ ಕಣ್ಣಿಗೆ ಬೀಳುವ ಸೂಚನೆ ಇನ್ನೊಂದುಂಟು. ಅದೇ ಹೊಗೆಕೊಳವೆಯ ಬಣ್ಣ. ಎಂಜಿನ್ನಿನಿಂದ ಹೊರಟು, ಬಾಗಿ, ಸೈಲೆನ್ಸರನ್ನು ಸೇರುವ ಹೊಳೆಯುವ ಕೊಳವೆಯನ್ನು ರಿಪೇರಿ ಅಂಗಡಿಗಳಲ್ಲಿ ‘ಬೆಂಡ್ ಪೈಪ್’ ಎನ್ನುವುದುಂಟು. ಈ ಕೊಳವೆ ಕೆಲವೊಮ್ಮೆ ಹೊಂಬಣ್ಣಕ್ಕೆ ತಿರುಗುತ್ತದೆ; ಕೆಲವೊಮ್ಮೆ ನೇರಳೆಯಾಗಿ, ಕಡೆಗೆ ನವಿಲುಗರಿಯ ನೀಲಿಯಾಗುತ್ತದೆ. ಇದನ್ನು ಕಂಡ ಒಡೆಯರಲ್ಲಿ ಕೆಲವರು ಎಂಜಿನ್ನು ಹಾಳಾಯಿತೆಂದು ಗಾಬರಿಪಡುತ್ತಾರೆ. ಕೆಲವರು ಪಾಲಿಶು ತಂದು ಉಜ್ಜಿ, ಬಣ್ಣ ಹೋಯಿತೆಂದು ತೃಪ್ತರಾಗುತ್ತಾರೆ. ಎರಡೂ ಸರಿಯಲ್ಲ. ಜ್ವರ ಬಂದವನ ಹಣೆಯ ಬೆವರನ್ನು ಒರೆಸಿದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ. ಹಣೆ ಬಿಸಿಯಾದ ಮಾತ್ರಕ್ಕೆ ರೋಗ ಯಾವುದೆಂದು ತಿಳಿಯುವುದೂ ಇಲ್ಲ. ಬಣ್ಣವನ್ನು ಅಳಿಸುವ ಮೊದಲು ಅದನ್ನು ಓದಲು ಕಲಿಯಬೇಕು.

ಲೋಹದ ಬಣ್ಣವನ್ನು ಓದುವ ವಿದ್ಯೆ ಮೋಟಾರು ಸೈಕಲ್ಲಿಗಿಂತ ಬಹು ಹಳೆಯದು. ಗಣಿಗಾರಿಕೆಯಲ್ಲಿಯೂ ಅದಕ್ಕೆ ದೊಡ್ಡ ಸ್ಥಾನವಿತ್ತು. ಅತಿ ಗಡುಸಾದ ಟಂಗ್‌ಸ್ಟನ್ ಕಾರ್ಬೈಡಿನ ತುದಿಗಳು ಬಳಕೆಗೆ ಬರುವ ಮುನ್ನ, ಬಂಡೆ ಕೊರೆಯುವ ಉಕ್ಕಿನ ಸಲಾಕೆಗಳು ಬೇಗನೆ ಮೊಂಡಾಗುತ್ತಿದ್ದುವು. ಅವುಗಳನ್ನು ಕುಲುಮೆಯಲ್ಲಿ ಕಾಸಿ, ಬಡಿದು, ಹರಿತಮಾಡಿ, ನೀರಿನಲ್ಲಿ ಅದ್ದಬೇಕಾಗಿತ್ತು. ಹೀಗೆ ಒಮ್ಮೆಗೇ ತಣಿದ ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಒಂದು ಪೆಟ್ಟಿಗೆ ಮುರಿದೀತು. ಆದುದರಿಂದ ಕಮ್ಮಾರನು ತುದಿಯನ್ನು ಮಾತ್ರ ನೀರಿನಲ್ಲಿ ಅದ್ದಿ ತೆಗೆದು, ಉಜ್ಜಿ ಹೊಳಪಿಸಿ, ಹಿಂಭಾಗದಲ್ಲಿ ಉಳಿದಿರುವ ಕಾವು ಮೆಲ್ಲಮೆಲ್ಲನೆ ತುದಿಯ ಕಡೆಗೆ ಹರಿದುಬರುವುದನ್ನು ನೋಡುತ್ತಿದ್ದನು. ಕಾವಿನೊಡನೆ ಬಣ್ಣವೂ ಹರಿದುಬರುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ. ಬೇಕಾದ ಬಣ್ಣ ತುದಿಯನ್ನು ಮುಟ್ಟಿದ ಕೂಡಲೇ ಅವನು ಸಲಾಕೆಯನ್ನು ಮತ್ತೆ ನೀರಿಗಿಳಿಸುತ್ತಿದ್ದನು. ಇದೇ ಉಕ್ಕಿಗೆ ಹದ ಕೊಡುವ ಕ್ರಮ. ಉಷ್ಣಮಾಪಕವಿಲ್ಲದೆ ಕಾವನ್ನು ಅಳೆಯಲು ಕಮ್ಮಾರನಿಗಿದ್ದ ಸಾಧನ ಬಣ್ಣವೊಂದೇ.

ಈ ಬಣ್ಣ ಎಲ್ಲಿಂದ ಬರುತ್ತದೆ? ಕೊಳವೆಗೆ ಹೊರಗಿನಿಂದ ಯಾವ ವರ್ಣದ್ರವ್ಯವೂ ಅಂಟಿಕೊಂಡಿರುವುದಿಲ್ಲ. ಕಾದ ಉಕ್ಕು ಗಾಳಿಯ ಆಮ್ಲಜನಕದೊಡನೆ ಸೇರಿ ತನ್ನ ಮೈಮೇಲೆ ಆಕ್ಸೈಡಿನ ಒಂದು ಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಆ ಪೊರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾದುದು. ಬೆಳಕು ಅದರ ಮೂಲಕ ಹಾಯಬಲ್ಲದು. ಪೊರೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ಪೊರೆಯ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಇನ್ನೊಂದು ಪಾಲು ಒಳಹೊಕ್ಕು, ಕೆಳಗಿನ ಲೋಹಕ್ಕೆ ತಾಗಿ ಮರಳುತ್ತದೆ. ಎರಡೂ ಕೂಡಿದಾಗ ಕೆಲವು ಬಣ್ಣದ ತರಂಗಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ಉಳಿದ ಬಣ್ಣ ಕಣ್ಣಿಗೆ ಕಾಣುತ್ತದೆ. ಪೊರೆ ಬಹು ತೆಳುವಾಗಿದ್ದಾಗ ನೀಲಿ ಅಳಿಸಿಹೋಗಿ ಹಳದಿ ತೋರುತ್ತದೆ. ಇನ್ನಷ್ಟು ದಪ್ಪವಾದಾಗ ಹಸುರು ಅಳಿದು ನೇರಳೆ ಕಾಣುತ್ತದೆ. ಮತ್ತೂ ದಪ್ಪವಾದಾಗ ಕೆಂಪು ಬಣ್ಣದ ಭಾಗ ಅಳಿದು ನೀಲಿ ಉಳಿಯುತ್ತದೆ. ಸಾಬೂನಿನ ಗುಳ್ಳೆಯ ಮೇಲೂ, ಮಳೆನೀರಿನ ಮೇಲೆ ಹರಡಿದ ಎಣ್ಣೆಯ ಮೇಲೂ ಆಡುವ ಬಣ್ಣಗಳು ಇದೇ ಬಗೆಯವು.

ಸಾಮಾನ್ಯ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತಿಳಿ ಹಳದಿಯಾಗುತ್ತದೆ. ಸುಮಾರು 255 ಡಿಗ್ರಿಯಲ್ಲಿ ಕಂದು, 280ರ ಸುಮಾರಿಗೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ ಮೂಡುತ್ತದೆ. ಇನ್ನೂ ಮೇಲಕ್ಕೆ ಹೋದರೆ ಬಣ್ಣ ಮಾಸಿ ಬೂದಿಯಾಗುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಪೊರೆ ಬೆಳೆಯಲು ಕಾವಿನಂತೆ ಕಾಲವೂ ಬೇಕು. ಕಡಿಮೆ ಕಾವಿನಲ್ಲಿ ಬಹಳ ಹೊತ್ತು ಇದ್ದರೂ ಮುಂದಿನ ಬಣ್ಣ ಬಂದೀತು. ಎರಡನೆಯದಾಗಿ, ಲೋಹ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಕ್ರೋಮಿಯಂ ಲೇಪದ ಕೊಳವೆಗೂ ತುಕ್ಕುಹಿಡಿಯದ ಉಕ್ಕಿನ ಕೊಳವೆಗೂ ಅದೇ ಬಣ್ಣ ಬರಲು ಬಹಳ ಹೆಚ್ಚಿನ ಕಾವು ಬೇಕು. ತುಕ್ಕುಹಿಡಿಯದ ಉಕ್ಕು ನೀಲಿಯಾಗಬೇಕಾದರೆ ಕಾವು 500 ಡಿಗ್ರಿಯನ್ನು ದಾಟಬೇಕಾಗುತ್ತದೆ. ಕೆಲವು ವಾಹನಗಳಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆಯಿದ್ದು, ಹೊರಗಿನದು ಎಂದಿಗೂ ಬಣ್ಣಗೆಡದಂತೆ ರಚಿತವಾಗಿರುತ್ತದೆ. ಆದುದರಿಂದ ಒಂದು ವಾಹನದ ಬಣ್ಣವನ್ನು ಬೇರೊಂದು ಮಾದರಿಯ ವಾಹನದ ಬಣ್ಣದೊಡನೆ ಹೋಲಿಸುವುದು ಸಲ್ಲದು.

ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಕೊಳವೆ ತಣ್ಣಗಾದರೂ ಪೊರೆ ಹೋಗುವುದಿಲ್ಲ. ಹೀಗಾಗಿ ಬಣ್ಣವು ಕೊಳವೆ ಎಂದೋ ಮುಟ್ಟಿದ ಅತ್ಯಧಿಕ ಕಾವಿನ ದಾಖಲೆಯೇ ಹೊರತು ಇಂದಿನ ಸ್ಥಿತಿಯ ದಾಖಲೆಯಲ್ಲ. ಹೋದ ವರ್ಷ ಒಂದು ದಿನ ಎಂಜಿನ್ನು ಅತಿಯಾಗಿ ಕಾದಿದ್ದರೂ ಅದರ ಗುರುತು ಇಂದಿಗೂ ಉಳಿದಿರಬಹುದು.

ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರವನ್ನು ತಿರುಗಿಸುವುದಿಲ್ಲ. ಸುಮಾರು ಮೂರರಲ್ಲಿ ಒಂದು ಭಾಗ ಬಿಸಿಯಾದ ಅನಿಲಗಳೊಡನೆ ಹೊಗೆಕೊಳವೆಯ ಮೂಲಕ ಹೊರಬಿದ್ದು ಹೋಗುತ್ತದೆ. ಸಿಲಿಂಡರನ್ನು ಬಿಡುವಾಗ ಆ ಅನಿಲಗಳ ಕಾವು 500 ಡಿಗ್ರಿಯನ್ನು ಮೀರಿರುತ್ತದೆ. ಆದಕಾರಣ ಎಂಜಿನ್ನಿಗೆ ಅಂಟಿದ ಕೆಲವು ಅಂಗುಲಗಳಷ್ಟು ಭಾಗ ಹೊಂಬಣ್ಣಕ್ಕೋ ನಸುನೀಲಿಗೋ ತಿರುಗಿ, ಅಲ್ಲಿಗೇ ನಿಂತರೆ ಅದು ಸಹಜ. ಹೊಸ ವಾಹನದಲ್ಲಿಯೂ ಇದು ಕಾಣಿಸಬಹುದು. ಚಿಂತೆಗೆ ಕಾರಣವಾಗುವುದು ಬೇರೆ ಸ್ಥಿತಿ. ನೀಲಿ ಬಾಗನ್ನು ದಾಟಿ ಕೆಳಕ್ಕೆ ಹರಡುತ್ತಿದ್ದರೆ, ವರ್ಷಗಟ್ಟಲೆ ಒಂದೇ ಬಗೆಯಾಗಿದ್ದ ಬಣ್ಣ ಕೆಲವೇ ದಿನಗಳಲ್ಲಿ ಬದಲಾದರೆ, ಒಳಗೆ ಏನೋ ವ್ಯತ್ಯಾಸವಾಗಿದೆ ಎಂದು ತಿಳಿಯಬೇಕು. ಚಕ್ರಕ್ಕೆ ಸಲ್ಲಬೇಕಾಗಿದ್ದ ಶಕ್ತಿಯಲ್ಲಿ ಹೆಚ್ಚಿನ ಪಾಲು ಈಗ ಕೊಳವೆಗೆ ಸಲ್ಲುತ್ತಿರಬಹುದು.

ಹೀಗಾಗಲು ಇರುವ ಕಾರಣಗಳಲ್ಲಿ ಮೊದಲನೆಯದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಪೆಟ್ರೋಲು ಇದಕ್ಕಿಂತ ಹೆಚ್ಚಿದ್ದರೆ ಅದನ್ನು ದಟ್ಟ ಮಿಶ್ರಣವೆಂದೂ, ಕಡಿಮೆಯಿದ್ದರೆ ತೆಳು ಮಿಶ್ರಣವೆಂದೂ ಕರೆಯಬಹುದು. ಗಾಳಿಯಿಂದ ತಂಪಾಗುವ ಎಂಜಿನ್ನುಗಳಲ್ಲಿ ಕಾರ್ಬೊರೇಟರನ್ನು ತುಸು ದಟ್ಟವಾಗಿಯೇ ಇಡುವುದು ವಾಡಿಕೆ. ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತ ಶಾಖವನ್ನು ಹೀರಿ ಎಂಜಿನ್ನನ್ನು ತಂಪಾಗಿಡುತ್ತದೆ. ಯಾವುದಾದರೂ ಕಾರಣದಿಂದ ಪೆಟ್ರೋಲಿನ ಪಾಲು ಇಳಿದರೆ ಈ ರಕ್ಷಣೆ ತಪ್ಪುತ್ತದೆ. ಅಲ್ಲದೆ ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಹೊರಬಾಗಿಲು ತೆರೆಯುವ ಹೊತ್ತಿಗೂ ಉರಿ ಆರಿರುವುದಿಲ್ಲ.

ಪೆಟ್ರೋಲು ಕಡಿಮೆಯಾಗುವ ಬಗೆಗಳು ಹಲವು. ಟ್ಯಾಂಕಿನ ತುಕ್ಕು ಇಳಿದು ಕಾರ್ಬೊರೇಟರಿನ ಜೆಟ್ಟಿನ ಸೂಕ್ಷ್ಮ ರಂಧ್ರವನ್ನು ಕಟ್ಟಬಹುದು. ಟ್ಯಾಂಕಿನ ನಲ್ಲಿಯ ಜಾಲರಿಯಲ್ಲಿ ಕೊಳೆ ಸೇರಬಹುದು. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರು ಬಿರಿದು, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಬಹುದು. ಇಂದಿನ ಇಂಧನವೂ ಒಂದು ಕಾರಣ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸುವ ಗುರಿಯನ್ನು ಭಾರತ 2025ರಲ್ಲಿ ತಲುಪಿತು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿದೆ. ಆದುದರಿಂದ ಬರಿಯ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬೊರೇಟರಿನಲ್ಲಿ ಇದನ್ನು ಬಳಸಿದಾಗ ಮಿಶ್ರಣ ತುಸು ತೆಳುವಾಗುತ್ತದೆ.

ಸ್ಥಳದ ಪ್ರಭಾವವೂ ಉಂಟು. ಚಿನ್ನದ ಗಣಿಯ ಪ್ರದೇಶ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ವಿರಳ. ಇಲ್ಲಿಗೆ ಸರಿಯಾಗಿ ಹೊಂದಿಸಿದ ಕಾರ್ಬೊರೇಟರಿನ ವಾಹನವನ್ನು ಚೆನ್ನೈಗೆ ಓಡಿಸಿಕೊಂಡು ಹೋದರೆ ಅಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅಲ್ಲಿ ಹೊಂದಿಸಿದ್ದನ್ನು ಇಲ್ಲಿಗೆ ತಂದರೆ ಸ್ವಲ್ಪ ದಟ್ಟವಾಗುತ್ತದೆ. ಇದಕ್ಕಿಂತ ಮುಖ್ಯವಾದುದು ಧೂಳು. ಚಿನ್ನದ ಅದಿರನ್ನು ಪುಡಿಮಾಡಿ, ಸೈನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಪುಡಿ ಇಲ್ಲಿ ಬೆಟ್ಟಗಳಂತೆ ರಾಶಿಬಿದ್ದಿದೆ. ಒಣಗಾಳಿಯ ದಿನಗಳಲ್ಲಿ ಈ ದಿಬ್ಬಗಳ ಧೂಳು ಊರಿನ ಮೇಲೆಲ್ಲ ಹಾರುತ್ತದೆ. ಈ ಧೂಳು ಮೋಟಾರು ಸೈಕಲ್ಲಿನ ಗಾಳಿಸೋಸುಕದಲ್ಲಿ, ಎಂದರೆ ಏರ್ ಫಿಲ್ಟರಿನಲ್ಲಿ ತುಂಬಿಕೊಂಡಾಗ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಮಿಶ್ರಣ ದಟ್ಟವಾಗಿ, ಸೈಲೆನ್ಸರಿನ ಬಾಯಲ್ಲಿ ಕಪ್ಪು ಮಸಿ ಕೂಡುತ್ತದೆ, ವಾಹನ ಎಳೆಯದಂತಾಗುತ್ತದೆ. ಆಗ ಅವಸರದಲ್ಲಿ ಫಿಲ್ಟರನ್ನೇ ತೆಗೆದುಹಾಕಿ ಓಡಿಸುವವರುಂಟು. ಗಾಳಿ ತಡೆಯಿಲ್ಲದೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಮಸಿ ಮಾಯವಾಗುತ್ತದೆ, ಕೊಳವೆ ನೀಲಿಯಾಗುತ್ತದೆ. ಅದರೊಡನೆ, ಕಲ್ಲಿನ ಪುಡಿಯೇ ಆಗಿರುವ ಆ ಧೂಳು ಸಿಲಿಂಡರಿನ ಒಳಗೋಡೆಯನ್ನು ತೇಯತೊಡಗುತ್ತದೆ. ಫಿಲ್ಟರನ್ನು ಶುಚಿಮಾಡಬೇಕಾದಲ್ಲಿ ಅದನ್ನೇ ತೊರೆದುದರ ಫಲವಾಗಿ ಒಂದು ಸಣ್ಣ ದೋಷದ ಜಾಗದಲ್ಲಿ ಎರಡು ದೊಡ್ಡ ದೋಷಗಳು ಬಂದು ಕೂರುತ್ತವೆ.

ತೆಳು ಮಿಶ್ರಣದ ಅಪಾಯ ಎರಡು ಹೊಡೆತದ ಎಂಜಿನ್ನುಗಳಲ್ಲಿ ಇನ್ನೂ ಹೆಚ್ಚು. ಹಳೆಯ ಜಾವಾ, ಯೆಜ್ಡಿ ಮೊದಲಾದ ವಾಹನಗಳಲ್ಲಿ ಎಂಜಿನ್ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಲಾಗುತ್ತದೆ. ಪಿಸ್ಟನ್ನಿಗೆ ಎಣ್ಣೆ ಒದಗುವುದು ಪೆಟ್ರೋಲಿನ ಜೊತೆಯಲ್ಲಿಯೇ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತೆಂದೇ ಅರ್ಥ. ಕಾವು ಏರುತ್ತದೆ, ಅದೇ ಹೊತ್ತಿಗೆ ಎಣ್ಣೆ ಇಳಿಯುತ್ತದೆ. ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಒಮ್ಮೆಗೇ ಬಿಗಿಯುತ್ತದೆ. ವೇಗದಲ್ಲಿರುವಾಗ ಹೀಗಾದರೆ ಸವಾರನು ಉರುಳಿಬೀಳಬಹುದು. ಆ ಕ್ಷಣದಲ್ಲಿ ಕ್ಲಚ್ಚನ್ನು ಹಿಡಿಯುವುದೇ ಪಾರಾಗುವ ಉಪಾಯ. ಆದರೆ ಆ ಕ್ಷಣ ಬಾರದಂತೆ ನೋಡಿಕೊಳ್ಳುವುದು ಉತ್ತಮ. ಕೆಲವು ದಿನಗಳ ಮುಂಚೆಯೇ ಕೊಳವೆ ಅದರ ಸುಳಿವು ಕೊಟ್ಟಿರಬಹುದು.

ಎರಡನೆಯ ಕಾರಣ ಕಿಡಿಯ ಕಾಲ. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ತುಸು ಮುನ್ನವೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆಗ ಉರಿಯ ಒತ್ತಡ ಸರಿಯಾದ ಹೊತ್ತಿಗೆ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕಿಡಿ ತಡವಾದರೆ ಉರಿಯೂ ತಡವಾಗಿ, ಪಿಸ್ಟನ್ನು ಅರ್ಧ ದಾರಿ ಇಳಿದ ಮೇಲೂ ಉರಿಯುತ್ತಲೇ ಇದ್ದು, ಜ್ವಾಲೆಯಂಥ ಅನಿಲ ಕೊಳವೆಗೆ ಹರಿಯುತ್ತದೆ. ವಾಹನ ಎಳೆಯುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಕೊಳವೆ ನೀಲಿಯಾಗುತ್ತದೆ. ಹಳೆಯ ವಾಹನಗಳಲ್ಲಿ ಕಿಡಿಯ ಕಾಲವನ್ನು ನಿರ್ಧರಿಸುವುದು ಕಾಂಟ್ಯಾಕ್ಟ್ ಪಾಯಿಂಟು. ಅದರ ಬಾಯಿ ತೆರೆದಾಗ ಇರಬೇಕಾದ ಅಂತರ ಸುಮಾರು 0.4 ಮಿಲಿಮೀಟರ್. ತಿರುಗುವ ಕ್ಯಾಮಿಗೆ ಒರಗಿರುವ ಅದರ ಹಿಮ್ಮಡಿ ದಿನದಿನಕ್ಕೆ ಸವೆಯುತ್ತದೆ. ಸವೆದಂತೆಲ್ಲ ಅಂತರ ಕಿರಿದಾಗಿ, ಬಾಯಿ ತೆರೆಯುವುದು ತಡವಾಗುತ್ತದೆ, ಕಿಡಿಯೂ ತಡವಾಗುತ್ತದೆ. ಯಾರೂ ಮುಟ್ಟದಿದ್ದರೂ ವಾಹನದ ಟೈಮಿಂಗು ತಾನಾಗಿ ಹಿಂದೆ ಬೀಳುವ ಗುಟ್ಟು ಇದೇ.

ಮೂರನೆಯದು ಸೋರಿಕೆ. ಕೊಳವೆ ಎಂಜಿನ್ನನ್ನು ಸೇರುವಲ್ಲಿ ಒಂದು ಗ್ಯಾಸ್ಕೆಟ್ಟು ಇರುತ್ತದೆ. ಅದು ಸುಟ್ಟು ಸಡಿಲವಾದರೆ ಹೊರಗಿನ ಗಾಳಿ ಕೊಳವೆಯೊಳಗೆ ಸೇರುತ್ತದೆ. ಉರಿಯದೆ ಉಳಿದಿದ್ದ ಪೆಟ್ರೋಲಿನ ಆವಿ ಅಲ್ಲಿಯೇ ಹೊತ್ತಿಕೊಳ್ಳುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದಾಗ ಪಟಪಟನೆ ಸಿಡಿಯುವ ಸದ್ದು, ಜೋಡಣೆಯ ಸುತ್ತ ಕಪ್ಪು ಗೆರೆ, ಇವು ಅದರ ಲಕ್ಷಣಗಳು. ನಾಲ್ಕನೆಯ ಕಾರಣ ದೋಷವೇ ಅಲ್ಲ, ಬಳಕೆಯ ತಪ್ಪು. ಗಾಳಿಯಿಂದ ತಂಪಾಗುವ ವಾಹನವನ್ನು ನಿಲ್ಲಿಸಿದಲ್ಲಿಯೇ ಬಹಳ ಹೊತ್ತು ಓಡಿಸಿದರೆ ಕೊಳವೆಗೆ ಬೀಸುಗಾಳಿ ಸಿಗದೆ ಅದು ನೀಲಿಯಾಗುತ್ತದೆ.

ಕೊಳವೆಯ ಮೇಲಿನ ಕಲೆಗಳೆಲ್ಲ ಕಾವಿನ ಬಣ್ಣಗಳಲ್ಲ ಎಂಬುದನ್ನೂ ಮರೆಯಬಾರದು. ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಸುಟ್ಟು ಕಂದುಕಲೆಯಾಗುತ್ತದೆ. ರಸ್ತೆಯ ಡಾಂಬರು, ಪಾದರಕ್ಷೆಯ ರಬ್ಬರು ಕರಗಿ ಕಪ್ಪಾಗಿ ಅಂಟುತ್ತವೆ. ಕ್ರೋಮಿಯಂ ಲೇಪ ಒಡೆದಲ್ಲಿ ಕೆಂಪು ತುಕ್ಕು ಏಳುತ್ತದೆ. ತಣ್ಣಗಾದ ಕೊಳವೆಯನ್ನು ಸಾಬೂನುನೀರಿನ ಬಟ್ಟೆಯಿಂದ ಒರೆಸಿದಾಗ ಹೋಗುವ ಕಲೆ ಕಾವಿನ ಬಣ್ಣವಲ್ಲ. ಹಾಗೆಯೇ ಕೊಳವೆಯ ಮೇಲಿನ ಬಣ್ಣವನ್ನೂ ಸೈಲೆನ್ಸರಿನಿಂದ ಹೊರಡುವ ಹೊಗೆಯ ಬಣ್ಣವನ್ನೂ ಬೆರೆಸಬಾರದು. ನೀಲಿ ಕೊಳವೆ ಕಾವಿನ ಗುರುತು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಹೆಸರು ಒಂದೇ ಆದರೂ ರೋಗಗಳು ಬೇರೆ.

ಕೊಳವೆಯ ಬಣ್ಣ ಏನನ್ನೂ ಹೇಳದ ಸ್ಥಿತಿಯೂ ಒಂದುಂಟು. ಕಿಡಿ ತಡವಾಗುವುದಕ್ಕೆ ಬದಲು ಬಹಳ ಮುಂಚಿತವಾದರೆ ಉರಿ ಸಿಲಿಂಡರಿನಲ್ಲಿಯೇ ಬೇಗ ಮುಗಿದು, ಕೊಳವೆಗೆ ಬರುವ ಅನಿಲ ಹೆಚ್ಚು ಬಿಸಿಯಾಗಿರುವುದಿಲ್ಲ. ಕೊಳವೆ ಚೊಕ್ಕವಾಗಿಯೇ ಹೊಳೆಯುತ್ತಿರುತ್ತದೆ. ಆದರೆ ಪಿಸ್ಟನ್ನಿನ ತಲೆ ಮಿತಿಮೀರಿ ಕಾಯುತ್ತದೆ; ಏರುದಾರಿಯಲ್ಲಿ ಎಂಜಿನ್ನು ಕಟಕಟನೆ ಬಡಿಯುತ್ತದೆ. ಬಣ್ಣವೊಂದನ್ನೇ ನಂಬಿದವನು ಇಲ್ಲಿ ಮೋಸಹೋಗುತ್ತಾನೆ. ಕೊಳವೆಯ ಬಣ್ಣ ಕಾವನ್ನು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಅದೂ ಕೊಳವೆಯ ಕಾವನ್ನು ಮಾತ್ರ ತಿಳಿಸುತ್ತದೆ.

ಬಣ್ಣದಿಂದ ಕಾರಣದ ಕಡೆಗೆ ಸಾಗಲು ವಿವೇಚನೆ ಬೇಕು. ಅದಕ್ಕೆ ಕರ್ನಾಟಕದಲ್ಲಿಯೇ ತಯಾರಾದ ವಾಹನವೊಂದು ಒಳ್ಳೆಯ ಉದಾಹರಣೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ಅವುಗಳಲ್ಲಿ ಪ್ರಸಿದ್ಧವಾದ 250 ಸಿ.ಸಿ. ಮಾದರಿಗಳಿಗೆ ಸಿಲಿಂಡರು ಒಂದೇ, ಹೊಗೆಕೊಳವೆಗಳು ಮಾತ್ರ ಎರಡು. ಅಂಥ ವಾಹನದಲ್ಲಿ ಬಲಗಡೆಯ ಕೊಳವೆ ನೀಲಿಯಾಗಿ, ಎಡಗಡೆಯದು ಹೊಳೆಯುತ್ತಿದೆ ಎಂದು ಭಾವಿಸೋಣ. ಮಿಶ್ರಣ ತೆಳುವಾಗಿದೆಯೆಂದು ಹೇಳಬಹುದೇ? ಎರಡು ಕೊಳವೆಗಳಿಗೂ ಅನಿಲ ಬರುವುದು ಅದೇ ಸಿಲಿಂಡರಿನಿಂದ, ಅದೇ ಮಿಶ್ರಣದಿಂದ, ಅದೇ ಕಿಡಿಯಿಂದ. ದೋಷ ಅಲ್ಲಿದ್ದರೆ ಎರಡೂ ನೀಲಿಯಾಗಬೇಕಾಗಿತ್ತು. ಆದುದರಿಂದ ದೋಷ ಸಿಲಿಂಡರಿನಿಂದ ಆಚೆಗೆ ಇರಬೇಕು. ಬಲಗಡೆಯ ಗ್ಯಾಸ್ಕೆಟ್ಟು ಸೋರುತ್ತಿರಬಹುದು. ಇಲ್ಲವೇ ಎಡಗಡೆಯ ಸೈಲೆನ್ಸರಿನಲ್ಲಿ ಎಣ್ಣೆಯ ಮಸಿ ಗಟ್ಟಿಯಾಗಿ ಕಟ್ಟಿಕೊಂಡು, ಅನಿಲದ ಹೆಚ್ಚಿನ ಪಾಲು ಬಲಗಡೆಗೆ ತಿರುಗಿರಬಹುದು. ಎಂಜಿನ್ನು ಮೆಲ್ಲನೆ ಓಡುತ್ತಿರುವಾಗ ಎರಡೂ ಸೈಲೆನ್ಸರುಗಳ ಬಾಯಿಯಿಂದ ಸ್ವಲ್ಪ ದೂರದಲ್ಲಿ ಅಂಗೈಯನ್ನು ಹಿಡಿದು ನೋಡಿದರೆ ಅನಿಲದ ಹೊಡೆತದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಎಡಗಡೆಯದು ದುರ್ಬಲವಾಗಿದ್ದರೆ, ಶುಚಿಮಾಡಬೇಕಾದುದು ನೀಲಿಯಾದ ಬಲಗಡೆಯನ್ನಲ್ಲ, ಹೊಳೆಯುತ್ತಿರುವ ಎಡಗಡೆಯನ್ನು. ಚೆನ್ನಾಗಿ ಕಾಣುವುದೇ ಇಲ್ಲಿ ಕೆಟ್ಟಿರುವುದು.

ಇದೇ ಲಕ್ಷಣ ಎರಡು ಸಿಲಿಂಡರುಗಳ ವಾಹನದಲ್ಲಿ ಕಂಡರೆ ತೀರ್ಮಾನ ಬೇರೆಯಾಗುತ್ತದೆ. ಎಸ್ಕಾರ್ಟ್ಸ್ ಸಂಸ್ಥೆ 1983ರಿಂದ ತಯಾರಿಸಿದ ರಾಜದೂತ್ 350ರಲ್ಲಿ ಎರಡು ಸಿಲಿಂಡರುಗಳಿದ್ದುವು. ಎರಡಕ್ಕೂ ಪ್ರತ್ಯೇಕ ಕಾರ್ಬೊರೇಟರುಗಳಿದ್ದುವು. ಅಲ್ಲಿ ಒಂದು ಕೊಳವೆ ಮಾತ್ರ ನೀಲಿಯಾದರೆ ಆ ಬದಿಯ ಜೆಟ್ಟನ್ನೂ ಕಿಡಿಯನ್ನೂ ಮೊದಲು ಸಂಶಯಿಸಬೇಕು. ಬಣ್ಣ ಒಂದೇ, ಯಂತ್ರದ ರಚನೆ ಬೇರೆ. ಆದುದರಿಂದ ಅರ್ಥವೂ ಬೇರೆ.

ಹಾಗಾದರೆ ಪರೀಕ್ಷೆಯ ಕ್ರಮ ಯಾವುದು? ಮೊದಲು ಕೊಳವೆಯನ್ನು ಒರೆಸಿ, ಬಣ್ಣ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಗುರುತಿಸಬೇಕು. ಅದು ಯಾವಾಗ ಕಾಣಿಸಿಕೊಂಡಿತು, ಅದಕ್ಕೆ ಮುನ್ನ ವಾಹನಕ್ಕೆ ಏನು ಮಾಡಲಾಗಿತ್ತು ಎಂದು ವಿಚಾರಿಸಬೇಕು. ಫಿಲ್ಟರು ತೆಗೆದ ವಾರದಲ್ಲಿಯೇ ಬಣ್ಣ ಬಂದಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಬಳಿಕ ಬೇರೆ ಸಾಕ್ಷಿಗಳನ್ನು ಕೇಳಬೇಕು. ಅವುಗಳಲ್ಲಿ ಮುಖ್ಯವಾದುದು ಪ್ಲಗ್ಗು. ಅದರ ತುದಿಯ ಪಿಂಗಾಣಿ ತಿಳಿಗಂದು ಬಣ್ಣವಾಗಿದ್ದರೆ ಉರಿ ಸಮರ್ಪಕ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು ಇಲ್ಲವೇ ಕಾವು ಅಧಿಕ. ಒಣಮಸಿ ಕಟ್ಟಿದ್ದರೆ ಮಿಶ್ರಣ ದಟ್ಟ. ಎಣ್ಣೆಯಿಂದ ಒದ್ದೆಯಾಗಿದ್ದರೆ ಎಣ್ಣೆ ಸಿಲಿಂಡರಿಗೆ ಅತಿಯಾಗಿ ಸೇರುತ್ತಿದೆ. ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ದೇಶದಲ್ಲಿ 2000ದಲ್ಲಿ ನಿಂತ ಮೇಲೆ ಈ ಬಣ್ಣಗಳು ಮೊದಲಿಗಿಂತ ತಿಳಿಯಾಗಿ ಮೂಡುತ್ತವೆ ಎಂಬುದನ್ನು ಗಮನದಲ್ಲಿಡಬೇಕು. ಕೊಳವೆ ನೀಲಿಯಾಗಿ ಪ್ಲಗ್ಗೂ ಬಿಳಿಚಿದ್ದರೆ ಮಿಶ್ರಣದ ಕಡೆಗೆ ಹೋಗಬೇಕು. ಕೊಳವೆ ನೀಲಿಯಾಗಿ, ಪ್ಲಗ್ಗು ಸಹಜವಾಗಿದ್ದು, ಎಳೆತ ಕಡಿಮೆಯಾಗಿದ್ದರೆ ಟೈಮಿಂಗಿನ ಕಡೆಗೆ ಹೋಗಬೇಕು.

ದೋಷವನ್ನು ಹುಡುಕುವಾಗ ಸುಲಭವಾದುದರಿಂದ ಕಷ್ಟವಾದುದರ ಕಡೆಗೆ ಸಾಗತಕ್ಕದ್ದು. ಪೆಟ್ರೋಲಿನ ನಲ್ಲಿ, ಗಾಳಿಯ ಫಿಲ್ಟರು, ಕೊಳವೆಯ ಜೋಡಣೆ, ಪಾಯಿಂಟಿನ ಅಂತರ, ಇವುಗಳನ್ನು ನೋಡಲು ಹೆಚ್ಚು ಖರ್ಚು ಬೀಳುವುದಿಲ್ಲ. ಎಂಜಿನ್ನನ್ನು ಬಿಚ್ಚುವುದು ಕಡೆಯ ಹೆಜ್ಜೆ. ಒಂದು ಬಾರಿಗೆ ಒಂದನ್ನೇ ಸರಿಪಡಿಸಬೇಕು. ಜೆಟ್ಟು, ಪ್ಲಗ್ಗು, ಪಾಯಿಂಟುಗಳನ್ನು ಒಟ್ಟಿಗೇ ಬದಲಿಸಿದರೆ ವಾಹನ ಸರಿಹೋಗಬಹುದು, ಆದರೆ ಕಾರಣ ಯಾವುದಾಗಿತ್ತೆಂಬುದು ತಿಳಿಯದೆಯೇ ಉಳಿಯುತ್ತದೆ. ಮುಂದಿನ ಸಲ ಮತ್ತೆ ಎಲ್ಲವನ್ನೂ ಕೊಳ್ಳಬೇಕಾಗುತ್ತದೆ. ಹೀಗೆ ಸರಿಪಡಿಸಿದ ಮೇಲೆ ಪಾಲಿಶಿನಿಂದ ಹಳೆಯ ಬಣ್ಣವನ್ನು ಉಜ್ಜಿ ತೆಗೆಯಬೇಕು. ಪಾಲಿಶಿಗೆ ಸಲ್ಲುವ ಸ್ಥಾನ ಇದು. ಅನಂತರ ಪರಿಚಿತವಾದ ಒಂದೇ ದಾರಿಯಲ್ಲಿ, ಉದಾಹರಣೆಗೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ, ಹಿಂದಿನ ವೇಗದಲ್ಲಿಯೇ ಕೆಲವು ದಿನ ಓಡಿಸಿ ನೋಡಬೇಕು. ನೀಲಿ ಮತ್ತೆ ಬಾರದಿದ್ದರೆ ಊಹೆ ನಿಜವಾಯಿತು. ಬಂದರೆ ಊಹೆ ತಪ್ಪು. ಪಟ್ಟಿಯಲ್ಲಿ ಮುಂದಿನ ಕಾರಣಕ್ಕೆ ಹೋಗಬೇಕು. ಈ ಪರೀಕ್ಷೆಗಳ ಕಾಲದಲ್ಲಿ ಬಿಸಿಯಾದ ಕೊಳವೆಯನ್ನು ಮುಟ್ಟಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಂತಕ.

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಬಿ.ಎಸ್. 6 ನಿಯಮಗಳ ಫಲವಾಗಿ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬೊರೇಟರಿನ ಸ್ಥಾನವನ್ನು ಇಂಧನ ಚಿಮ್ಮಿಸುವ ವಿದ್ಯುನ್ಮಾನ ಸಾಧನ ಪಡೆದುಕೊಂಡಿತು. ಹೊಗೆಕೊಳವೆಯಲ್ಲಿಯೇ ಆಮ್ಲಜನಕವನ್ನು ಅಳೆಯುವ ಸಂವೇದಕವೊಂದು ಕುಳಿತು, ಮಿಶ್ರಣ ದಟ್ಟವೋ ತೆಳುವೋ ಎಂದು ಕ್ಷಣಕ್ಷಣಕ್ಕೆ ತಿಳಿಸುತ್ತದೆ; ಅದರಂತೆ ಪೆಟ್ರೋಲಿನ ಪ್ರಮಾಣ ತಾನಾಗಿ ಹೆಚ್ಚುಕಡಿಮೆಯಾಗುತ್ತದೆ. ದೋಷ ಕಂಡಾಗ ಸವಾರನ ಎದುರಿಗೆ ಒಂದು ದೀಪ ಹೊತ್ತಿಕೊಳ್ಳುತ್ತದೆ. ಆದರೆ ಆ ದೀಪವೂ ಕೊಳವೆಯ ನೀಲಿಯಂತೆಯೇ ಒಂದು ಸೂಚನೆ. ಅದು ಎಲ್ಲಿಯೋ ತಪ್ಪಿದೆಯೆಂದು ಹೇಳುತ್ತದೆ. ಏಕೆ ತಪ್ಪಿತೆಂದು ಮನುಷ್ಯನೇ ಹುಡುಕಬೇಕು. ದೀಪ ಆರಿದರೆ ಸಾಕೆಂದು ಅದನ್ನು ಅಳಿಸಿ ಕಳುಹಿಸುವವನೂ, ಕೊಳವೆಗೆ ಪಾಲಿಶು ಹಚ್ಚಿ ಸುಮ್ಮನಾಗುವವನೂ ಒಂದೇ ತಪ್ಪನ್ನು ಮಾಡುತ್ತಾರೆ.

ಕುಲುಮೆಯ ಮುಂದೆ ಕುಳಿತ ಕಮ್ಮಾರನು ಬಣ್ಣವನ್ನು ನೋಡಿ ಬೆರಗಾಗಲಿಲ್ಲ, ಅದನ್ನು ಅಳಿಸಲೂ ಇಲ್ಲ. ಅದು ತಿಳಿಸುವ ಕಾವನ್ನು ಅರಿತು ತನ್ನ ಕೆಲಸವನ್ನು ಮಾಡಿದನು. ನೋಡುವುದು, ಹೋಲಿಸುವುದು, ಊಹಿಸುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು, ಇಷ್ಟನ್ನೇ ವಿಜ್ಞಾನವೂ ಕೇಳುವುದು. ಅದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ರಸ್ತೆಬದಿಯ ಚಿಕ್ಕ ರಿಪೇರಿ ಅಂಗಡಿಯಲ್ಲಿ, ಎಣ್ಣೆ ಹತ್ತಿದ ಕೈಗಳೂ ಆ ಕೆಲಸವನ್ನು ದಿನವೂ ಮಾಡಬಲ್ಲುವು.

ಅಭ್ಯಾಸ

1. ಕಾದ ಉಕ್ಕಿನ ಮೇಲೆ ಬಣ್ಣಗಳು ಹೇಗೆ ಮೂಡುತ್ತವೆ? ಅವುಗಳ ಕ್ರಮವನ್ನು ತಿಳಿಸಿರಿ.
2. ಗಾಳಿಯ ಫಿಲ್ಟರನ್ನು ತೆಗೆದುಹಾಕಿ ವಾಹನ ಓಡಿಸುವುದರಿಂದ ಆಗುವ ಹಾನಿಗಳಾವುವು?
3. ಒಂದೇ ಸಿಲಿಂಡರು, ಎರಡು ಹೊಗೆಕೊಳವೆಗಳಿರುವ ವಾಹನದಲ್ಲಿ ಒಂದು ಕೊಳವೆ ಮಾತ್ರ ನೀಲಿಯಾದರೆ ದೋಷ ಮಿಶ್ರಣದಲ್ಲಿಲ್ಲವೆಂದು ಹೇಗೆ ಹೇಳಬಹುದು?
4. ‘ಕೊಳವೆಯ ಬಣ್ಣ ಕಾವನ್ನು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
5. ಒಂದು ಬಾರಿಗೆ ಒಂದೇ ದೋಷವನ್ನು ಸರಿಪಡಿಸಬೇಕು, ಏಕೆ?